ಹದಿನೈದು ನದಿಗಳ ಒಂದು ಪಟ್ಟಿ

ನಿಮ್ಮ ಊರಿನ ಪಕ್ಕದಲ್ಲಿ ಹರಿಯುವ ನೀರನ್ನು ನೀವು ಏನೆಂದು ಕರೆಯುತ್ತೀರಿ? ಹಳ್ಳವೇ, ಹೊಳೆಯೇ, ತೊರೆಯೇ, ನದಿಯೇ? ಈ ಪ್ರಶ್ನೆಯನ್ನು ಒಮ್ಮೆ ತರಗತಿಯಲ್ಲಿ ಕೇಳಿ ನೋಡಿ. ಹಳ್ಳಗಳು ಸೇರಿ ಹೊಳೆ, ಹೊಳೆಗಳು ಸೇರಿ ನದಿ ಎಂದು ಮಕ್ಕಳು ಥಟ್ಟನೆ ಉತ್ತರ ಕೊಡುತ್ತಾರೆ. ಆದರೆ ಎಷ್ಟು ದೊಡ್ಡದಾದರೆ ಹಳ್ಳ ಹೊಳೆಯಾಗುತ್ತದೆ ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ. ಧಾರವಾಡ, ಗದಗ ಸೀಮೆಯಲ್ಲಿ ಹರಿದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ ಹೆಸರಿಗೆ ಹಳ್ಳ. ಮಳೆಗಾಲದಲ್ಲಿ ಉಕ್ಕಿದರೆ ನವಲಗುಂದ, ರೋಣ ತಾಲ್ಲೂಕುಗಳ ಹೊಲಗಳೆಲ್ಲ ಮುಳುಗುತ್ತವೆ. ನದಿ ಎಂದು ಪೂಜೆಗೊಳ್ಳುವ ಎಷ್ಟೋ ಹರಿವುಗಳು ಅದರ ಮುಂದೆ ಚಿಕ್ಕವು. ಕರಾವಳಿಯಲ್ಲಿ ತೋಡು ಎನ್ನುವುದನ್ನು ಬಯಲುಸೀಮೆಯವರು ಹಳ್ಳ ಎನ್ನುತ್ತಾರೆ. ಬಯಲುಸೀಮೆಯ ಹಳ್ಳದಲ್ಲಿ ವರ್ಷದ ಒಂಬತ್ತು ತಿಂಗಳು ಮರಳು ಮಾತ್ರ ಇರುವುದೂ ಉಂಟು.

ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಹರಿವಿಗೆ ಮೇಲೊಂದು ಹೆಸರು, ಕೆಳಗೊಂದು ಹೆಸರು ಇರುತ್ತದೆ. ಘಟ್ಟದ ಮೇಲಿನ ಬೇಡ್ತಿ ಸಮುದ್ರ ಸೇರುವಾಗ ಗಂಗಾವಳಿ. ಪುಸ್ತಕದ ಫಲ್ಗುಣಿ ಜನರ ಬಾಯಲ್ಲಿ ಗುರುಪುರ ಹೊಳೆ. ಕಡೂರಿನ ಕಡೆಯ ವೇದಾವತಿ ಬಳ್ಳಾರಿಗೆ ಬರುವಷ್ಟರಲ್ಲಿ ಹಗರಿ. ಚಾಮರಾಜನಗರದ ಹೊನ್ನುಹೊಳೆ ಸಂಸ್ಕೃತಕ್ಕೆ ತಿರುಗಿ ಸುವರ್ಣಾವತಿ ಆಗಿದೆ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಹೆಸರಿನ ಎರಡು ನದಿಗಳೂ ಉಂಟು. ನಂದಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಎರಡು ಪಿನಾಕಿನಿಗಳಲ್ಲಿ ಒಂದು ಉತ್ತರಕ್ಕೆ ಹರಿದು ಆಂಧ್ರದ ಪೆನ್ನಾ ಆಗುತ್ತದೆ, ಇನ್ನೊಂದು ದಕ್ಷಿಣಕ್ಕೆ ಹರಿದು ತಮಿಳುನಾಡಿನ ತೆನ್‌ಪೆಣ್ಣೈ ಆಗುತ್ತದೆ. ಬೆಳಗಾವಿಯಲ್ಲಿ ಒಂದು ಮಾರ್ಕಂಡೇಯ, ಕೋಲಾರದಲ್ಲಿ ಇನ್ನೊಂದು.

ಜನರ ಬಳಕೆಯಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ನೀರಿನ ಬಗ್ಗೆ ಕರಾರು ಬರೆಯಬೇಕಾದಾಗ ಮಾತ್ರ ಹೆಸರು ಬಹಳ ಮುಖ್ಯವಾಗುತ್ತದೆ. ಅಂಥ ಒಂದು ಸಂದರ್ಭ ನಮ್ಮ ನಾಡಿನ ಚರಿತ್ರೆಯಲ್ಲಿ ಬಂದಿತ್ತು. ಆಗ ತಯಾರಾದ ನದಿಗಳ ಪಟ್ಟಿ ನೂರಮೂವತ್ತು ವರ್ಷ ದಾಟಿದರೂ ಇನ್ನೂ ನ್ಯಾಯಾಲಯಗಳಲ್ಲಿ ಕಾಣಿಸಿಕೊಳ್ಳುತ್ತಿದೆ.

1876–78ರ ಬರಗಾಲ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದರು. ಹೊಸ ಸರ್ಕಾರದ ಮುಂದಿದ್ದ ಮೊದಲ ಕೆಲಸವೇ ನೀರಿನದು: ಹಾಳುಬಿದ್ದ ಕೆರೆಗಳನ್ನು ಎತ್ತಿ ನಿಲ್ಲಿಸಬೇಕು, ಹೊಸ ಕಟ್ಟೆಗಳನ್ನು ಕಟ್ಟಬೇಕು. ಕೆಳಗಿನ ಮದ್ರಾಸ್ ಪ್ರಾಂತಕ್ಕೆ ಇದು ಭಯ ಹುಟ್ಟಿಸಿತು. ತಂಜಾವೂರಿನ ಗದ್ದೆಗಳು ಕಾವೇರಿಯನ್ನೇ ನಂಬಿದ್ದವು, ಉತ್ತರ ಆರ್ಕಾಟಿನ ಗದ್ದೆಗಳು ಪಾಲಾರನ್ನು. ಮೇಲಿನವರು ಒಂದೊಂದು ಕೆರೆ ಕಟ್ಟಿದಾಗಲೂ ತಮಗೆ ಬರುವ ನೀರು ಒಂದಿಷ್ಟು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನೂ ಅಲ್ಲ. 1890ರಲ್ಲಿ ಊಟಿಯಲ್ಲಿ ಎರಡೂ ಕಡೆಯವರು ಸೇರಿ ಮಾತನಾಡಿದರು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಕೊನೆಗೆ 1892ರ ಫೆಬ್ರವರಿ 18ರಂದು ಒಪ್ಪಂದವಾಯಿತು.

ಈ ಒಪ್ಪಂದದಲ್ಲಿ ಇಷ್ಟು ನೀರು ನಿಮಗೆ, ಇಷ್ಟು ನಮಗೆ ಎಂಬ ಹಂಚಿಕೆಯೇ ಇಲ್ಲ. ಬಹಳ ಮಂದಿ ಇದನ್ನು ನೀರು ಹಂಚಿಕೆಯ ಒಪ್ಪಂದ ಎಂದೇ ಬರೆಯುತ್ತಾರೆ, ಅದು ಸರಿಯಲ್ಲ. ಆಗ ನದಿಗಳ ಹರಿವನ್ನು ಅಷ್ಟು ಖಚಿತವಾಗಿ ಅಳೆದ ದಾಖಲೆಗಳೂ ಇರಲಿಲ್ಲ. ಒಪ್ಪಂದ ಮಾಡಿದ್ದು ಬೇರೊಂದು ಕೆಲಸ. ಅದು ಹರಿವುಗಳನ್ನು ಹೆಸರು ಹಿಡಿದು ವಿಂಗಡಿಸಿತು. ಯಾವ ಹರಿವಿನ ಮೇಲೆ, ಯಾವ ಜಾಗದಿಂದ ಕೆಳಗೆ, ಯಾವ ಬಗೆಯ ಕಟ್ಟಡವನ್ನು ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಕಟ್ಟಕೂಡದು ಎಂದು ಹೇಳಿತು.

ಮೊದಲ ಅನುಸೂಚಿಯಲ್ಲಿ ಹದಿನೈದು ಮುಖ್ಯ ನದಿಗಳಿವೆ: ತುಂಗಭದ್ರಾ, ತುಂಗಾ, ಭದ್ರಾ, ಹಗರಿ ಅಥವಾ ವೇದಾವತಿ, ಪೆನ್ನಾರ್ ಅಥವಾ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಪೆನ್ನಾರ್ ಅಥವಾ ದಕ್ಷಿಣ ಪಿನಾಕಿನಿ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಹೊನ್ನುಹೊಳೆ ಅಥವಾ ಸುವರ್ಣಾವತಿ, ಮತ್ತು ಬೇಲೂರಿನ ಸೇತುವೆಯವರೆಗಿನ ಯಗಚಿ. ಆ 'ಅಥವಾ'ಗಳನ್ನು ಗಮನಿಸಿ. ಊರಿಗೊಂದು ಹೆಸರಿರುವ ನೀರನ್ನು ಕರಾರಿನೊಳಗೆ ಹಿಡಿದಿಡಲು ಬರೆದವರು ಎರಡೂ ಹೆಸರು ಹಾಕಬೇಕಾಯಿತು. ಇಲ್ಲದಿದ್ದರೆ, ನಾವು ಕಟ್ಟೆ ಹಾಕಿದ್ದು ಹಗರಿಗಲ್ಲ, ವೇದಾವತಿಗೆ ಎಂದು ಯಾರಾದರೂ ವಾದಿಸಬಹುದಿತ್ತು ತಾನೇ? ಯಗಚಿಯ ಮುಂದಿನ 'ಬೇಲೂರಿನ ಸೇತುವೆಯವರೆಗೆ' ಎಂಬ ಮಾತು ಇನ್ನೂ ಸ್ವಾರಸ್ಯಕರ. ನದಿಗೆ ಸೇತುವೆಯ ಪರಿವೆ ಇಲ್ಲ. ಕರಾರಿಗೆ ಮಾತ್ರ ಎಲ್ಲಾದರೂ ಒಂದು ಗೆರೆ ಬೇಕಿತ್ತು, ಆ ಗೆರೆ ಸೇತುವೆಯ ಬಳಿ ಬಿತ್ತು.

ಎರಡನೆಯ ಅನುಸೂಚಿಯಲ್ಲಿ ಉಪನದಿಗಳು, ತೊರೆಗಳು. ಅಲ್ಲಿ ಪ್ರತಿ ಹೆಸರಿನ ಮುಂದೆ ಕೊನೆಯ ಅಂಕಣದಲ್ಲಿ ಒಂದು ಸ್ಥಳವನ್ನು ಗುರುತಿಸಲಾಗಿದೆ. ಆ ಸ್ಥಳದಿಂದ ಕೆಳಗೆ ಹೊಸ ಜಲಾಶಯಕ್ಕೆ ಒಪ್ಪಿಗೆ ಬೇಕು, ಮೇಲೆ ಬೇಡ. ಅಣೆಗಳಿಗೆ ನಿಯಮ ಇನ್ನೂ ಬೇರೆ. ಅಣೆ ಎಂದರೆ ಹರಿವಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಕಟ್ಟೆ. ಅದು ನೀರನ್ನು ಕಾಲುವೆಗೆ ತಿರುಗಿಸುತ್ತದೆ, ತಿಂಗಳುಗಟ್ಟಲೆ ಕೂಡಿಡುವುದಿಲ್ಲ. ಜಲಾಶಯ ಕೂಡಿಡುತ್ತದೆ. ಹಾಗಾಗಿ ದೊಡ್ಡ ನದಿಗಳಲ್ಲಿ ಅಣೆ ಕಟ್ಟಲು ಸ್ವಲ್ಪ ಸಡಿಲಿಕೆ ಇತ್ತು. ತುಂಗಭದ್ರೆಯಲ್ಲಿ ಹೊನ್ನಾಳಿಯ ರಸ್ತೆ ನದಿಯನ್ನು ದಾಟುವ ಜಾಗದಿಂದ ಕೆಳಗೆ, ಕಾವೇರಿಯಲ್ಲಿ ರಾಮಸ್ವಾಮಿ ಅಣೆಯಿಂದ ಕೆಳಗೆ, ಕಬಿನಿಯಲ್ಲಿ ರಾಂಪುರ ಅಣೆಯಿಂದ ಕೆಳಗೆ ಮಾತ್ರ ಹೊಸ ಅಣೆಗೆ ಅನುಮತಿ ಬೇಕಿತ್ತು. ಪಾಲಾರ್, ಪಿನಾಕಿನಿಗಳಂಥ ಬಡ ನದಿಗಳಲ್ಲಿ ಅಣೆಗೂ ಒಪ್ಪಿಗೆ ಬೇಕು. ಇದರ ಹಿಂದೆ ಜಲವಿಜ್ಞಾನದ ತರ್ಕ ಇದೆ. ಮಲೆನಾಡಿನಿಂದ ಹೊರಡುವ ತುಂಗಭದ್ರೆಗೆ ಒಂದು ಅಣೆಯಿಂದ ದೊಡ್ಡ ಕೊರತೆ ಆಗದು. ಕೋಲಾರದ ಒಣನೆಲದಲ್ಲಿ ಹುಟ್ಟುವ ಪಾಲಾರಿಗೆ ಆಗುತ್ತದೆ.

ಇನ್ನೊಂದು ವ್ಯಾಖ್ಯೆಯನ್ನೂ ನೋಡಿ. 'ಹೊಸ ಜಲಾಶಯ' ಎಂದರೆ ಹಿಂದೆ ಇಲ್ಲದ್ದು. ಹಿಂದೆ ಇದ್ದು, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆ ತಪ್ಪಿ ಹಾಳುಬಿದ್ದದ್ದೂ ಹೊಸತೇ. ಅಜ್ಜನ ಕಾಲದಲ್ಲಿ ಒಡೆದುಹೋದ ಕೆರೆಯನ್ನು ಮೊಮ್ಮಗ ಸರಿಮಾಡಲು ಹೊರಟರೆ, ಅದು ಅನುಸೂಚಿಯ ಹರಿವಿನ ಮೇಲಿದ್ದರೆ, ಕಾನೂನಿನ ಕಣ್ಣಿನಲ್ಲಿ ಅದು ಹೊಸ ಕೆರೆ! ಹಾಗೆಂದು ಮದ್ರಾಸಿಗೆ ಮನಸ್ಸಿಗೆ ಬಂದಂತೆ ಬೇಡವೆನ್ನುವ ಅಧಿಕಾರ ಇರಲಿಲ್ಲ. ಬಹುಕಾಲದ ಬಳಕೆಯಿಂದ ತನ್ನ ರೈತರಿಗೆ ಬಂದಿದ್ದ, ಆಗಲೂ ಜಾರಿಯಲ್ಲಿದ್ದ ಹಕ್ಕುಗಳನ್ನು ಕಾಯುವುದಕ್ಕೆ ಮಾತ್ರ ಅದು ಒಪ್ಪಿಗೆ ನಿರಾಕರಿಸಬಹುದಿತ್ತು. ಜಗಳ ಬಿದ್ದರೆ ಪಂಚಾಯಿತಿ. ಪಟ್ಟಿಯಲ್ಲಿ ನಾಲ್ಕನೆಯದಾದ ವೇದಾವತಿಗೆ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು 1898ರಿಂದ 1907ರವರೆಗೆ ಕಟ್ಟಿದ್ದು ಈ ನಿಯಮಗಳ ಕಾಲದಲ್ಲಿಯೇ.

ಕನ್ನಂಬಾಡಿಯ ಕಥೆ ನಿಮಗೆ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಕಾವೇರಿ ಪಟ್ಟಿಯ ಹತ್ತನೆಯ ಹೆಸರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಅಣೆಕಟ್ಟಿನ ಪ್ರಸ್ತಾವ ಎದ್ದಾಗ 1892ರ ನಿಯಮದಂತೆಯೇ ಮದ್ರಾಸಿನ ಒಪ್ಪಿಗೆ ಕೇಳಬೇಕಾಯಿತು. ಜಗಳವಾಗಿ ಪ್ರಕರಣ ನ್ಯಾಯಮೂರ್ತಿ ಗ್ರಿಫಿನ್ ಅವರ ಮುಂದೆ ಹೋಯಿತು. ಅವರು 1914ರಲ್ಲಿ ಕೊಟ್ಟ ತೀರ್ಪನ್ನು ಮದ್ರಾಸ್ ಒಪ್ಪಲಿಲ್ಲ. ಹಗ್ಗಜಗ್ಗಾಟ ಮುಗಿದದ್ದು 1924ರ ಫೆಬ್ರವರಿ 18ರಂದು, ಅಂದರೆ ಹಳೆಯ ಒಪ್ಪಂದಕ್ಕೆ ಸರಿಯಾಗಿ ಮೂವತ್ತೆರಡು ವರ್ಷ ತುಂಬಿದ ದಿನ. ಈ ಬಾರಿ ಅಂಕಿಗಳು ಬಂದವು: ಕೃಷ್ಣರಾಜ ಸಾಗರಕ್ಕೆ ಸುಮಾರು 44.8 ಟಿಎಂಸಿ, ಮೆಟ್ಟೂರಿಗೆ 93.5 ಟಿಎಂಸಿ ಸಂಗ್ರಹ, ಮೈಸೂರಿಗೆ 1.25 ಲಕ್ಷ ಎಕರೆ, ಮದ್ರಾಸಿಗೆ 3.01 ಲಕ್ಷ ಎಕರೆ ಹೊಸ ನೀರಾವರಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದನ್ನು ವಿದ್ಯಾರ್ಥಿಗಳಿಗೆ ನೆನಪಿಸಿ. ಉಪನದಿಗಳ ಹೆಸರುಗಳು ಇಲ್ಲಿಯೂ ಇವೆ. ಮದ್ರಾಸ್ ಮುಂದೆ ಭವಾನಿ, ಅಮರಾವತಿ ಅಥವಾ ನೊಯ್ಯಲ್‌ಗೆ ಜಲಾಶಯ ಕಟ್ಟಿದರೆ, ಅದರ ನೂರಕ್ಕೆ 60ರಷ್ಟು ಸಾಮರ್ಥ್ಯದ ಜಲಾಶಯವನ್ನು ಮೈಸೂರು ತನ್ನಲ್ಲಿರುವ ಕಾವೇರಿಯ ಉಪನದಿಯೊಂದಕ್ಕೆ ಕಟ್ಟಿಕೊಳ್ಳಬಹುದು ಎಂಬ ಷರತ್ತು ಅದು.

ಈಗ ಪಟ್ಟಿಯನ್ನು ವಿಜ್ಞಾನದ ಕಡೆಯಿಂದ ನೋಡೋಣ. 1892ರ ವಿಂಗಡಣೆ ಬಹುಮಟ್ಟಿಗೆ ಹೆಸರುವಾಸಿಯಾದ ನದಿ ಯಾವುದು, ಕೆಳಗಿನವರ ಆತಂಕ ಎಲ್ಲಿದೆ ಎಂಬುದನ್ನು ಅನುಸರಿಸಿತ್ತು. ಹೆಸರಿನ ಹಂಗಿಲ್ಲದೆ ಹರಿವುಗಳನ್ನು ವರ್ಗೀಕರಿಸುವ ದಾರಿ ಸಿಕ್ಕಿದ್ದು ಅರ್ಧ ಶತಮಾನದ ನಂತರ. ಅಮೆರಿಕದ ಎಂಜಿನಿಯರ್ ರಾಬರ್ಟ್ ಹಾರ್ಟನ್ 1945ರಲ್ಲಿ ಹರಿವುಗಳಿಗೆ ಶ್ರೇಣಿ ಕೊಡುವ ಪದ್ಧತಿಯನ್ನು ಪ್ರಕಟಿಸಿದರು. ಅದೇ ವರ್ಷ ಅವರು ತೀರಿಕೊಂಡರು. ಆರ್ಥರ್ ಸ್ಟ್ರಾಲರ್ 1950ರ ದಶಕದಲ್ಲಿ ಅದನ್ನು ಸರಳಗೊಳಿಸಿದರು. ನಾವು ಇಂದು ಕಲಿಸುವುದು ಸ್ಟ್ರಾಲರ್ ರೂಪವನ್ನೇ.

ನಿಯಮ ಸುಲಭ. ಯಾವ ಹರಿವಿಗೆ ಬೇರೆ ಹರಿವು ಬಂದು ಸೇರುವುದಿಲ್ಲವೋ ಅದು ಒಂದನೆಯ ಶ್ರೇಣಿ. ಎರಡು ಒಂದನೆಯ ಶ್ರೇಣಿಗಳು ಕೂಡಿದರೆ ಎರಡನೆಯದು, ಎರಡು ಎರಡನೆಯವು ಕೂಡಿದರೆ ಮೂರನೆಯದು. ಎರಡನೆಯ ಶ್ರೇಣಿಗೆ ಒಂದನೆಯದು ಬಂದು ಸೇರಿದರೆ ಶ್ರೇಣಿ ಏರುವುದಿಲ್ಲ. ಒಂದು ಶ್ರೇಣಿಯ ಹರಿವುಗಳ ಸಂಖ್ಯೆಯನ್ನು ಅದರ ಮೇಲಿನ ಶ್ರೇಣಿಯ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಕವಲು ಅನುಪಾತ. ಸಾಮಾನ್ಯವಾಗಿ ಇದು 3ರಿಂದ 5ರ ನಡುವೆ ಇರುತ್ತದೆ. ಅನುಪಾತ 4 ಎಂದುಕೊಳ್ಳಿ. ನಾಲ್ಕನೆಯ ಶ್ರೇಣಿಯ ಒಂದು ಹೊಳೆ ಇದ್ದರೆ ಮೂರನೆಯವು 4, ಎರಡನೆಯವು 16, ಒಂದನೆಯವು 64. ಒಟ್ಟು 85ರಲ್ಲಿ 64, ಅಂದರೆ ನಾಲ್ಕರಲ್ಲಿ ಮೂರು ಪಾಲು, ತೀರ ಚಿಕ್ಕ ತೊರೆಗಳು. ಬಹುತೇಕ ಇವಕ್ಕೆ ಹೆಸರೇ ಇರುವುದಿಲ್ಲ. ಇದ್ದರೂ ಅದು ಆ ಊರಿನ ಗಡಿ ದಾಟುವುದಿಲ್ಲ.

ಮೈಸೂರು ಸೀಮೆಯ ಕೆರೆಗಳು ಹೆಚ್ಚಾಗಿ ಕಟ್ಟಿದ್ದು ಇಂಥ ಚಿಕ್ಕ ಶ್ರೇಣಿಯ ಹರಿವುಗಳ ಮೇಲೆ. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ. ಹದಿನೈದು ನದಿಗಳ ಪಟ್ಟಿ ಮರದ ಬೊಡ್ಡೆಗೆ ಬೇಲಿ ಹಾಕಿತು, ಎರಡನೆಯ ಅನುಸೂಚಿ ದಪ್ಪ ಕೊಂಬೆಗಳಿಗೆ. ಎಲೆಯ ನರಗಳಂತಿದ್ದ ತೊರೆಗಳು ಬಹುಪಾಲು ಹೊರಗುಳಿದವು. ಮೈಸೂರಿಗೆ ಇದರಿಂದ ಅನುಕೂಲವೇ ಆಯಿತು. ಆದರೆ ಪಟ್ಟಿ ಮಾಡಿ ಕಾಯುವ ಯಾವ ಕಾನೂನಿಗೂ ಈ ಕೊರತೆ ಇರುತ್ತದೆ. ನದಿಯ ನೀರು ಹುಟ್ಟುವುದು ಪಟ್ಟಿಯ ಹೊರಗೆ.

ಶ್ರೇಣಿಯ ಲೆಕ್ಕವೂ ಪರಿಪೂರ್ಣವಲ್ಲ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಅದು ನಕ್ಷೆಯ ಅಳತೆಯನ್ನು ಅವಲಂಬಿಸಿದೆ. 1:50,000 ಅಳತೆಯ ನಕ್ಷೆಯಲ್ಲಿ ಒಂದನೆಯ ಶ್ರೇಣಿಯಾಗಿ ಕಂಡದ್ದು ದೊಡ್ಡ ಅಳತೆಯ ನಕ್ಷೆಯಲ್ಲಿ ಎರಡನೆಯದೋ ಮೂರನೆಯದೋ ಆಗಿಬಿಡುತ್ತದೆ. ಆದ್ದರಿಂದ ಶ್ರೇಣಿ ಹೇಳುವಾಗ ನಕ್ಷೆಯ ಅಳತೆಯನ್ನೂ ಹೇಳಬೇಕು.

ಹಾಗಾದರೆ ಹೆಸರಿಲ್ಲದ ತೊರೆಗೆ ಕಾನೂನಿನಲ್ಲಿ ಜಾಗವೇ ಇಲ್ಲವೇ? ಇದೆ. 1892ಕ್ಕೆ ಹತ್ತು ವರ್ಷ ಮೊದಲೇ, 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ ಸಹಜ ಹರಿವಿಗೆ ಒಂದು ವ್ಯಾಖ್ಯೆ ಕೊಟ್ಟಿತ್ತು. ಸದಾ ಹರಿಯಲಿ, ಬಿಟ್ಟು ಬಿಟ್ಟು ಹರಿಯಲಿ, ನೆಲದ ಮೇಲಿರಲಿ, ಒಳಗಿರಲಿ, ಪ್ರಕೃತಿಯ ಕೆಲಸದಿಂದಲೇ, ಗೊತ್ತಾದ ಪಾತ್ರದಲ್ಲಿ ಹರಿದರೆ ಸಾಕು. ಹೆಸರನ್ನು ಕೇಳಲಿಲ್ಲ, ಗಾತ್ರವನ್ನೂ ಕೇಳಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಪ್ರಕರಣ ಖಾಸಗಿಯವರಿಗೆ ಸೇರದ ನದಿ, ತೊರೆ, ನಾಲೆ, ಕೆರೆ, ಕಾಲುವೆಗಳನ್ನೆಲ್ಲ ಸರ್ಕಾರದ ಸ್ವತ್ತು ಎಂದಿತು. ಪಹಣಿಯಲ್ಲಿ 'ಬಿ ಖರಾಬು' ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಸಾಗುವಳಿಗೆ ಬಾರದ ನೆಲ 'ಎ' ಖರಾಬು; ರಸ್ತೆ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು 'ಬಿ'. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹರಿಯುತ್ತಿರಲಿ, ಸದ್ಯಕ್ಕೆ ಬತ್ತಿರಲಿ, ಜಲಮಾರ್ಗ ಜಲಮಾರ್ಗವೇ ಎಂದಿತು. ಮುಂಗಾರಿನಲ್ಲಿ ಮಾತ್ರ ಹರಿಯುವ ಬಯಲುಸೀಮೆಯ ಹಳ್ಳಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ವ್ಯಾಖ್ಯೆ ಇದ್ದ ಮಾತ್ರಕ್ಕೆ ಹರಿವು ಉಳಿಯುತ್ತದೆಯೇ? ಬೆಂಗಳೂರನ್ನು ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುವುದೆಂದು ಹೇಳುವ ವೃಷಭಾವತಿ ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯನ್ನು ಹಾದು, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಸರಿನಲ್ಲಿ ನದಿ. ಊರು ಬೆಳೆದಂತೆ ಅದಕ್ಕೂ ಅದರ ಕವಲುಗಳಿಗೂ ರಾಜಕಾಲುವೆ ಎಂಬ ಹೆಸರು ಗಟ್ಟಿಯಾಯಿತು. ಕಚೇರಿಯ ಕಾಗದಗಳಲ್ಲಿ ಅದು ಮಳೆನೀರು ಚರಂಡಿ. ಕಾಲುವೆ, ಚರಂಡಿ ಎಂದಾಗ ಮನುಷ್ಯ ತೋಡಿದ್ದು ಎಂಬ ಭಾವನೆ ಬರುತ್ತದೆ; ತೋಡಿದ್ದನ್ನು ತಿರುಗಿಸಬಹುದು, ಮುಚ್ಚಲೂಬಹುದು ಎಂಬ ಧೈರ್ಯ ಅದರ ಹಿಂದೆಯೇ ಬರುತ್ತದೆ.

2007ರಲ್ಲಿ ಜಾರಿಗೆ ಬಂದ ನಗರದ ಪರಿಷ್ಕೃತ ಮಹಾಯೋಜನೆ ಈ ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ವಿಂಗಡಿಸಿ, ಕಾಲುವೆಯ ಮಧ್ಯದಿಂದ ಕ್ರಮವಾಗಿ 50, 25, 15 ಮೀಟರ್ ಜಾಗವನ್ನು ಕಟ್ಟಡಗಳಿಲ್ಲದೆ ಬಿಡಬೇಕೆಂದಿತು. ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಸ್ಟ್ರಾಲರ್ ಲೆಕ್ಕದಲ್ಲಿ ಒಂದನೆಯದು ತೀರ ಚಿಕ್ಕದು; ಯೋಜನೆಯ ಲೆಕ್ಕದಲ್ಲಿ ಪ್ರಾಥಮಿಕ ಎಂದರೆ ಎಲ್ಲಕ್ಕಿಂತ ದೊಡ್ಡದು. ಎರಡನ್ನೂ ಒಂದೇ ಎಂದುಕೊಂಡರೆ ಪಾಠ ತಲೆಕೆಳಗಾಗುತ್ತದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು 50, 35, 25 ಮೀಟರ್ ಮಾಡಿ, ಅಳೆಯುವುದು ಮಧ್ಯದಿಂದಲ್ಲ, ಅಂಚಿನಿಂದ ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಶಾಸನಬದ್ಧ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲ ಎಂಬುದು ಕಾರಣ. ಮಧ್ಯದಿಂದಲೋ ಅಂಚಿನಿಂದಲೋ ಎಂಬುದು ಸಣ್ಣ ಮಾತಲ್ಲ. 20 ಮೀಟರ್ ಅಗಲದ ಕಾಲುವೆಯಾದರೆ ಮಧ್ಯದಿಂದ ಅಳೆದ 50 ಮೀಟರಿನಲ್ಲಿ 10 ಮೀಟರ್ ಕಾಲುವೆಯೇ ತಿಂದುಹಾಕುತ್ತದೆ. ತೃತೀಯ ಕಾಲುವೆಗೆ ಉಳಿಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ.

ಹಳೆಯ ಪಟ್ಟಿಗೆ ಹಿಂದಿರುಗೋಣ. 2018ರ ಫೆಬ್ರವರಿ 16ರಂದು ಕಾವೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂದು ತೀರ್ಮಾನಿಸಿತು. 1892 ಮತ್ತು 1924ರ ಒಪ್ಪಂದಗಳು ಅನ್ಯಾಯದವು, ಆದ್ದರಿಂದ ಅಸಿಂಧು ಎಂಬ ವಾದವನ್ನು ಅದು ಒಪ್ಪಲಿಲ್ಲ. 1924ರದು ಮಾತ್ರ ಐವತ್ತು ವರ್ಷ ಮುಗಿದು 1974ಕ್ಕೆ ಕೊನೆಗೊಂಡಿತು ಎಂದಿತು. ಅದೇ ವರ್ಷ ತಮಿಳುನಾಡು ಇನ್ನೊಂದು ದಾವೆ ಹೂಡಿತು. ಕೋಲಾರ ಜಿಲ್ಲೆಯ ಯರಗೋಳದ ಬಳಿ ಮಾರ್ಕಂಡೇಯ ಹೊಳೆಗೆ ಕುಡಿಯುವ ನೀರಿಗಾಗಿ ಕರ್ನಾಟಕ ಅಣೆಕಟ್ಟು ಕಟ್ಟುತ್ತಿತ್ತು. ಕೋಲಾರ, ಬಂಗಾರಪೇಟೆ, ಮಾಲೂರುಗಳಿಗೆ ಆ ನೀರು. ಈ ಮಾರ್ಕಂಡೇಯ ದಕ್ಷಿಣ ಪಿನಾಕಿನಿಯ ಉಪನದಿ. ದಕ್ಷಿಣ ಪಿನಾಕಿನಿ 1892ರ ಪಟ್ಟಿಯಲ್ಲಿ ಒಂಬತ್ತನೆಯದು. ಪಟ್ಟಿಯ ಮುಖ್ಯ ನದಿಗಳಲ್ಲಿ ಮಾರ್ಕಂಡೇಯ ಇಲ್ಲ. ನದಿ ಎಂದರೆ ಅದರ ಉಪನದಿಗಳೂ ಸೇರುತ್ತವೆಯೇ? 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಕಾಮಗಾರಿಗೆ ತಡೆ ಕೊಡಲು ನಿರಾಕರಿಸಿ, ಬೇಕಿದ್ದರೆ ನ್ಯಾಯಮಂಡಳಿ ರಚಿಸುವಂತೆ ಕೇಂದ್ರವನ್ನು ಕೇಳಬಹುದು ಎಂದಿತು.

ನಿಮ್ಮ ಶಾಲೆಯಲ್ಲಿ ಮಾಡಬಹುದಾದ ಒಂದು ಕೆಲಸ ಇದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ ನಿಮ್ಮೂರಿನ ಹರಿವುಗಳನ್ನು ಗುರುತಿಸಿ ಸ್ಟ್ರಾಲರ್ ಶ್ರೇಣಿ ಹಾಕಿಸಿ. ಆ ನಕ್ಷೆಗಳಲ್ಲಿ ಸದಾ ನೀರಿರುವ ಹರಿವುಗಳು ನೀಲಿ, ಬತ್ತುವವು ಕಪ್ಪು. ನಂತರ ಗ್ರಾಮನಕ್ಷೆಯನ್ನು ಪಕ್ಕದಲ್ಲಿಟ್ಟು, ಜೋಡಿ ಗೆರೆಗಳ ನಡುವೆ ಹಳ್ಳ ಎಂದು ತೋರಿಸಿದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಎರಡೂ ನಕ್ಷೆ ಹಿಡಿದು ಮಕ್ಕಳೊಂದಿಗೆ ಅದರ ದಡದಲ್ಲಿ ಒಮ್ಮೆ ನಡೆಯಿರಿ. ಹಳ್ಳದ ಹೆಸರು ನಕ್ಷೆಯಲ್ಲಿ ಇರಲಾರದು. ಅದನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕಾಗುತ್ತದೆ. ಎರಡು ಹೆಸರು ಸಿಕ್ಕರೆ ನಡುವೆ 'ಅಥವಾ' ಹಾಕಿ ಎರಡನ್ನೂ ಬರೆದಿಡಿ.